ನಲವತ್ತೆಂಟನೆಯ ಬೊಟ್ಟು

ಉಮಾಶ್ರೀ ದೇವರಕೋಣೆಯ ಗೋಡೆಗೆ ನಲವತ್ತೆಂಟನೆಯ ಕುಂಕುಮದ ಬೊಟ್ಟು ಒತ್ತಿದಳು. ದೇವರ ಜಗಲಿಯ ಮೇಲಿದ್ದ ತಾಮ್ರದ ದುರ್ಗಾ ಯಂತ್ರ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿತ್ತು. ಅದರ ಅಡಿಯಲ್ಲಿ, ದೇವಿಯ ಆಶೀರ್ವಾದ ಇರಲಿ ಎಂದು ಅವಳೇ ಮಡಿಸಿಟ್ಟಿದ್ದ ಕಾಗದ. ಗಬ್ಬೂರಿನ ಶಾಲೆಗೆ ಅವಳನ್ನು ಟೀಚರಾಗಿ ನೇಮಿಸಿದ ಆರ್ಡರು. ಅರ್ಜಿ ಕೊಟ್ಟು ಒಮ್ಮೆ ದಿನ ಮುಂದೂಡಿಸಿದ್ದೂ ಆಗಿತ್ತು. ಹಾಜರಾಗಲು ನಾಳೆಯೇ ಕೊನೆಯ ದಿನ.

ವ್ರತ ಗಂಡನ ಪ್ರಾಣರಕ್ಷಣೆಗೆ. ಮಾನ್ವಿಯಲ್ಲಿ ರೈಸ್ ಮಿಲ್ ಇಟ್ಟುಕೊಂಡಿದ್ದ ಅಂಬರೀಶ ಫೋನ್ ನೋಡುತ್ತ ಬೈಕ್ ಓಡಿಸಿ, ನಿಂತಿದ್ದ ಟ್ರ್ಯಾಕ್ಟರಿಗೆ ಗುದ್ದಿ ಕೈ ಮುರಿದುಕೊಂಡಿದ್ದ. ತಪ್ಪು ಫೋನಿನದಲ್ಲ, ಶನಿಯದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಸೊಸೆ ನಲವತ್ತೆಂಟು ದಿನ ಯಂತ್ರಪೂಜೆ ಮಾಡಬೇಕು, ಮುಗಿಯುವ ತನಕ ಊರ ಗಡಿ ದಾಟಬಾರದು, ನಡುವೆ ಹೊರಗಾದರೆ ಮತ್ತೆ ಒಂದರಿಂದ ಎಣಿಸಬೇಕು. ಯಂತ್ರ ಬರೆದುಕೊಟ್ಟ ಜೋಯಿಸರು ಅತ್ತೆಯ ಕಾಲದಲ್ಲೇ ಹಾಕಿಹೋದ ಕಟ್ಟಳೆ ಇದು. "ಪೂಜಿ ಮುಗಿಸಿ ನೌಕರಿಗಿ ಹೋಗು, ಯಾರು ಬ್ಯಾಡಂತಾರ?" ಎಂದು ಅಂಬರೀಶ ದೊಡ್ಡ ಮನಸ್ಸು ಮಾಡಿದ್ದ.

ಮೊದಲ ಸಲ ಹತ್ತೊಂಬತ್ತನೆಯ ದಿನಕ್ಕೆ ಮುಟ್ಟಾಯಿತು. ಗೋಡೆಯ ಬೊಟ್ಟೆಲ್ಲ ಒರೆಸಿಹೋದವು. ಎರಡನೆಯ ಸಲ ಇಪ್ಪತ್ನಾಲ್ಕನೆಯ ದಿನಕ್ಕೆ ಆದಾಗ ಅವಳು ತುಟಿಪಿಟಕ್ಕೆನ್ನಲಿಲ್ಲ. ತಲೆಗೆ ನೀರು ಹಾಕಿಕೊಂಡು, ಮಡಿ ಉಟ್ಟು, ದಿನದಂತೆ ಯಂತ್ರ ತೊಳೆದು ಕುಂಕುಮ ಏರಿಸಿದಳು. ನಾಲ್ಕು ದಿನವೂ ಹಾಗೇ ನಡೆಸಿದಳು. ದೇವಿ ಏನೂ ಅನ್ನಲಿಲ್ಲ.

"ಅತ್ತೀ, ಮುಗೀತ್ರಿ. ನಾಳಿ ಏಳೂವರಿ ಬಸ್ಸಿಗಿ ಹೋಗ್ತೀನ್ರಿ," ಎಂದಳು.

ವೀರಭದ್ರಮ್ಮ ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು. "ಎಲ್ಲಿಗಿ ಹೋಗ್ತಿ ಬೇ ಹುಚ್ಚಿ? ಎರಡು ತಿಂಗಳಾಗಾಕ ಬಂತು, ನೀ ಹೊರಗ ಕುಂತಿಲ್ಲ. ಮುದುಕಿಗಿ ಇಷ್ಟೂ ತಿಳಿಯಂಗಿಲ್ಲ ಅಂದುಕೊಂಡಿಯೇನು? ದೇವಿ ಕಣ್ಣ ತೆರದಾಳ. ಈ ಹೊಟ್ಟಿ ತಗೊಂಡು ಬಸ್ಸಿನ್ಯಾಗ ಕುಲುಕಾಡೂದು ಬ್ಯಾಡ."

ಅಂಬರೀಶ ಆಗಲೇ ಪೇಡೆಯ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಒಂದನ್ನು ಕಚ್ಚಿಯೂ ಆಗಿತ್ತು. "ನೌಕರಿ ಎಲ್ಲಿ ಓಡಿಹೋಗ್ತದ ಬಿಡು," ಎಂದು ನಕ್ಕ. ಅದು ನಾಳೆ ಸಂಜೆ ಐದಕ್ಕೆ ಓಡಿಹೋಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಉಮಾಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೌದು ಎಂದರೆ ಬಸುರಿ ಎಂದು ಮನೆಯಲ್ಲೇ ಕೂರಿಸುತ್ತಾರೆ. ಇಲ್ಲ ಎಂದರೆ ಮುಚ್ಚಿಟ್ಟದ್ದು ಹೊರಬಿದ್ದು ಮತ್ತೆ ಒಂದರಿಂದ. ಯಾವ ಕಡೆ ಹೊರಳಿದರೂ ಗೋಡೆ. ಸುಳ್ಳು ಸಾಕೆನಿಸಿತು ಅವಳಿಗೆ.

"ನಾ ಬಸುರಿ ಅಲ್ರಿ ಅತ್ತಿ. ಹೋದ ತಿಂಗಳು ಹೊರಗಾಗಿದ್ನಿ. ನಿಮಗ ಹೇಳಲಿಲ್ಲ."

ಅಂಬರೀಶ ಕಚ್ಚಿದ ಪೇಡೆಯನ್ನು ತಿರುಗಿ ಡಬ್ಬಿಗೆ ಹಾಕಿದ.

"ಅಂಥಾದ್ರಾಗ ಯಂತ್ರಕ್ಕ ಕೈ ಹಚ್ಚಿದಿ?" ವೀರಭದ್ರಮ್ಮನ ದನಿ ಇಳಿದಿತ್ತು.

"ಹಚ್ಚಿದ್ನಿ. ನಿಮ್ಮ ಮಗಗ ಏನಾತ್ರಿ? ಎಲುಬು ಕೂಡಿತು, ಕಟ್ಟು ಬಿಚ್ಚಿದ್ರು, ನಿನ್ನಿ ಬೈಕ್ ಮ್ಯಾಲೇ ರಾಯಚೂರಿಗಿ ಹೋಗಿ ಬಂದಾರ. ಹೊರಗಾದಾಗೂ ಲಿಂಗಪೂಜಿ ಬಿಡಬ್ಯಾಡ ಅಂತ ನೀವ ಹೇಳ್ತೀರಿ. ಕೊರಳಾಗಿನ ಲಿಂಗಕ್ಕಿಲ್ಲದ ಮೈಲಿಗಿ ಈ ತಗಡಿಗಿ ಎಲ್ಲಿಂದ ಬಂತ್ರಿ?"

"ಏನೂ ಆಗಿಲ್ಲ ಅಂದ್ರ ಇನ್ನ ಮುಂದ ಆಗೂದದ."

ಉಮಾಶ್ರೀ ಗಂಡನ ಮುಖ ನೋಡಿದಳು. ಅವನ ಒಂದೇ ಒಂದು ಮಾತು ಸಾಕಿತ್ತು. ಅವನು ಜೇಬಿನಿಂದ ಫೋನ್ ತೆಗೆದು, "ಅವ್ವ ಹೇಳಿದಂಗ ಮಾಡು," ಎಂದು ಫೋನನ್ನೇ ನೋಡುತ್ತ ಹೇಳಿದ. ಹಿಂದೆಯೇ ಅಂಗಳದಲ್ಲಿ ಬೈಕ್ ಶುರುವಾದ ಸದ್ದು ಕೇಳಿತು. ಇಂಥ ಗಂಡನಿಗಾಗಿ ಎಷ್ಟು ಮುಂಜಾವು ತಣ್ಣೀರು ಸುರಿದುಕೊಂಡೆನಲ್ಲ ಎಂದುಕೊಂಡಳು.

ವೀರಭದ್ರಮ್ಮ ಯಂತ್ರವನ್ನು ಎತ್ತಿ ಹುಣಸೆನೀರಿನಲ್ಲಿ ಮುಳುಗಿಸಿದಳು. ಅಡಿಯಲ್ಲಿದ್ದ ಆರ್ಡರನ್ನು ಸೊಸೆಯ ಕೈಗೆ ಕೊಡಲೂ ಇಲ್ಲ, ಹರಿಯಲೂ ಇಲ್ಲ. ಊದಿನಕಡ್ಡಿಯ ಪೊಟ್ಟಣದ ಪಕ್ಕ ಸರಿಸಿಟ್ಟಳು. ಆಮೇಲೆ ಒದ್ದೆ ಬಟ್ಟೆ ಹಿಂಡಿಕೊಂಡು ಬಂದು ಮೊದಲ ಬೊಟ್ಟಿನಿಂದ ಒರೆಸತೊಡಗಿದಳು.

"ಅತ್ತೀ," ಎಂದಳು ಉಮಾಶ್ರೀ. "ತಿಂಗಳಾ ಹೊರಗಾಗೂ ಹೆಣ್ಣಮಗಳು ನಲವತ್ತೆಂಟು ದಿನ ಹೆಂಗ ಮುಗಸ್ಬೇಕ್ರಿ? ನೀವ ಹೇಳ್ರಿ."

ಬಟ್ಟೆ ಹಿಡಿದ ಕೈ ಗೋಡೆಯ ಮೇಲೆ ನಿಂತಿತು.

"ನಾ ಮುಗಿಸಿದ್ನಿ," ಎಂದಳು ಅತ್ತೆ, ತಿರುಗಿ ನೋಡದೆ. "ಜಾಲಹಳ್ಳ್ಯಾಗ ನಮ್ಮವ್ವ ಹಾಸಿಗಿ ಹಿಡದಿದ್ಲು. ಪೂಜಿ ಮುಗಿಸಿ ಹೋಗು ಅಂದ್ರು. ಮೂರು ಸಲ ಕೆಡ್ತು. ನಾಕನೇ ಸಲಕ್ಕ ಮುಗೀತು. ಅಂಬರೀಶ ಹೊಟ್ಟ್ಯಾಗಿದ್ದ."

"ನಿಮ್ಮವ್ವ?"

"ಮಣ್ಣಾಗಿ ತಿಂಗಳಾಗಿತ್ತು."

ವೀರಭದ್ರಮ್ಮ ಮತ್ತೆ ಒರೆಸತೊಡಗಿದಳು. ಹಳೆಯ ಬೊಟ್ಟುಗಳು ಸುಲಭಕ್ಕೆ ಉದುರಿದವು. ಈ ಹೊತ್ತಿನದು ಮಾತ್ರ ಇನ್ನೂ ಹಸಿಯಿತ್ತು. ಒರೆಸಿದಷ್ಟೂ ಗೋಡೆಯ ಮೇಲೆ ಕೆಂಪಗೆ ಹರಡಿತು.