ಎರಡನೆಯ ತಾಟು

ದೊಡ್ಡ ಆಮೆ ಚಿಕ್ಕದರ ಬೆನ್ನೇರಿ ಸೊಪ್ಪಿನ ತಾಟಿಗೆ ಕತ್ತು ಚಾಚಿದ್ದೇ ತಡ, ನಿಲೋಫರ ಅದನ್ನು ಕೆಳಗಿಳಿಸಿ, ಗಂಡನ ಗ್ಯಾರೇಜಿನಿಂದ ತಂದಿದ್ದ ತಗಡನ್ನು ಎರಡರ ನಡುವೆ ಮಣ್ಣಿಗೆ ಊರಿದಳು.

"ಏನ್ ಮಾಡಾಕತ್ತಿ?" ಅತ್ತೆ ಸಿರಾಜುನ್ನಿಸಾ ಹಿತ್ತಲ ಬಾಗಿಲಿಗೆ ಬಂದರು. "ನಮ್ಮ ಮನ್ಯಾಗ ಎಲ್ಲಾರೂ ಒಂದ ತಾಟಿನ್ಯಾಗ ಉಣ್ತೇವಿ. ಅದರಾಗ ಅಲ್ಲಾಹನ ಬರಕತ್ ಐತಿ. ಮೂಕ ಪ್ರಾಣಿನ ಯಾಕ ಬ್ಯಾರೆ ಮಾಡ್ತಿ?" ಆಮೆಗಳಿಗೆ ಒಂದೇ ತಾಟು ರೂಢಿ ಮಾಡಿಸಿದವರು ಅವರೇ. ಒಂದು ಇನ್ನೊಂದರ ಮೇಲೇರುವುದು ಅಕ್ಕರೆಯೆಂದೇ ತಿಳಿದು, ತಮ್ಮೂರು ಅಂಬೇವಾಡಿಗೆ ಬಂದ ನೆಂಟರನ್ನೆಲ್ಲ ಕರೆದು ತೋರಿಸಿದ್ದರು.

ನಿಲೋಫರ ಚಿಕ್ಕದನ್ನೆತ್ತಿ ಅತ್ತೆಯ ಕೈಗಿಟ್ಟಳು. "ನೀವ ಎತ್ತಿ ನೋಡ್ರಿ ಅಮ್ಮಾ, ಬರೇ ಚಿಪ್ಪ ಹಿಡದಂಗ ಐತಿ. ಇದು ಅಕ್ಕರೆ ಅಲ್ಲ. ಅದು ಇದಕ್ಕ ಉಣ್ಣಾಕ ಬಿಡವಲ್ದು. ತಂತಿ ಜಾಳಿ ಹಾಕಿದ್ರ ಒಂದಕ್ಕೊಂದು ಕಾಣ್ತಾವ, ಮತ್ತ ಗುದ್ದಾಡ್ತಾವ. ಅದಕ್ಕ ತಗಡು ಹಾಕೇನಿ."

ಸಿರಾಜುನ್ನಿಸಾ ಕೈಯಲ್ಲಿದ್ದ ಆಮೆಯನ್ನು ಇನ್ನೊಮ್ಮೆ ತೂಗಿ ನೋಡಿ, ತಗಡಿನ ಆಚೆ ಬದಿಗೆ ಇಳಿಸಿದರು. ಬಹಳ ಹೊತ್ತಿನ ಮೇಲೆ ಅದು ತಲೆ ಹೊರಗೆ ಹಾಕಿತು. ಅತ್ತ ನೋಡಿತು, ಇತ್ತ ನೋಡಿತು. ಯಾರೂ ಮೇಲೆ ಬೀಳುವುದಿಲ್ಲವೆಂದು ಖಾತ್ರಿಯಾದಾಗ ಕತ್ತನ್ನು ಪೂರ್ತಿ ಚಾಚಿತು. ಸೊಪ್ಪಿನ ತಾಟು ದೊಡ್ಡದರ ಬದಿಗೇ ಉಳಿದಿತ್ತು; ಇದರ ಮುಂದೆ ಬರೀ ಮಣ್ಣಿತ್ತು. ನಿಲೋಫರ ಏಳುವ ಮೊದಲೇ ಅತ್ತೆ ಒಳಗೆ ಹೋಗಿ, ನೆಂಟರಿಗೆಂದು ಎತ್ತಿಟ್ಟಿದ್ದ ತಾಟು ತಂದರು. ಅದರ ತುಂಬ ದಾಸವಾಳದ ಎಲೆ ಹರಿದು ಹಾಕಿ, ಆಮೆಯ ಮುಂದೆ ಸರಿಸಿದರು.

"ಬಿಸ್ಮಿಲ್ಲಾ," ಎಂದರು. "ಉಣ್ಣು ಬೇಟಾ."