ಮನೆಗೊಂದು ಕಲ್ಲು

ಇದು ಹೇಳುವಷ್ಟು ದೊಡ್ಡ ಸಂಗತಿಯೇ ಎಂಬ ಅಳುಕು ಇದ್ದೇ ಇದೆ. ಲುವಾ ತಾನಾಗಿ ಹೇಳುವವಳಲ್ಲ. ಅವಳ ಗಂಡ ಥಾಕ್ ಕೇಳಿದರೂ ಹೇಳುವವನಲ್ಲ. ಹೇಳಿದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ತಿಳಿದವರು ಮನ್ನಿಸಬೇಕು.

ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಥಾಕ್ ಮನೆಮುಂದಿನ ಕೊಳಕ್ಕೆ ಎಸೆದುಬಿಟ್ಟ. ಎಸೆದದ್ದು ಎಡಗೈಯಿಂದ. ಲಕ್ವ ಹೊಡೆದಾಗಿನಿಂದ ಬಲಗೈ ಮುಷ್ಟಿ ಕಟ್ಟಿಕೊಂಡೇ ಇತ್ತು. ಅದಕ್ಕೆ ಹಿಡಿಯಲು ಬರುತ್ತಿತ್ತು, ಬಿಡಲು ಬರುತ್ತಿರಲಿಲ್ಲ. ಮಗಳು ಮಿಯೆನ್‌ಳ ನಿಶ್ಚಿತಾರ್ಥ ತಿಂಗಳೊಪ್ಪತ್ತಿನಲ್ಲಿತ್ತು. ಅಂದು ಹುಡುಗನ ಕಡೆಯವರು ತಂದ ಅಡಿಕೆಗೊನೆಯಿಂದ ಕಾಯಿ ಕಿತ್ತು, ಅವರ ಪಾಲನ್ನು ಅವರ ತಟ್ಟೆಗೇ ಹಾಕಿ ಹಿಂದಿರುಗಿಸಬೇಕು. ಕತ್ತಿ ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಸಂಬಂಧವನ್ನೇ ಕೊಯ್ದಂತೆ. ಥಾಕ್‌ನ ಮನೆತನದಲ್ಲಿ ಆ ಕೆಲಸ ಹೆಣ್ಣಿನ ಅಪ್ಪನದು.

"ಅಣ್ಣಾ, ನಾನಿಲ್ವಾ? ನಾನೇ ಕಿತ್ತು ಹಾಕ್ತೀನಿ ಬಿಡು," ಎಂದ ತಮ್ಮ ತಿಯೆಪ್, ಚಹಾ ಹೀರುತ್ತಾ.

"ನನ್ನ ತಿಥಿ ದಿನ ಹಾಕುವಂತೆ."

ತಮ್ಮ ಹೋದ ಮೇಲೆ ಲುವಾ ಇಟ್ಟಿಗೆಯ ಚೂರೊಂದನ್ನು ತಂದು ಅಂಗಳದಲ್ಲಿ ಗೆರೆ ಎಳೆದಳು. ಆ ಕಡೆ ಐದು ಮನೆ, ಈ ಕಡೆ ಐದು. ಎರಡು ತುದಿಗೂ ಅರ್ಧಚಂದ್ರ, ಒಂದೊಂದರಲ್ಲಿ ಒಂದು ದಪ್ಪ ಕಲ್ಲು. ಅದು ಅಮಲ್ದಾರ. ಉಳಿದ ಮನೆಗಳಲ್ಲಿ ಐದೈದು ಸಣ್ಣ ಕಲ್ಲು, ಅವು ಪ್ರಜೆಗಳು. ಊರಿನ ಹುಡುಗಿಯರೆಲ್ಲ ಆಡಿ ಬೆಳೆದ ಆಟ. ಥಾಕ್ ಒಮ್ಮೆಯೂ ಆಡಿದವನಲ್ಲ.

"ಗಡ್ಡ ಬಂದ ಗಂಡಸು ಹುಡುಗೇರ ಆಟ ಆಡ್ಬೇಕಾ?"

"ಆ ಗಡ್ಡ ಬೆಳಿಗ್ಗೆ ನಾನೇ ಬೋಳಿಸಿದ್ದು, ಮಿಯೆನ್ ಅಪ್ಪಾ. ಕೂತ್ಕೊಳ್ಳಿ. ನಿಮ್ಮ ಕಡೆ ಯಾವ್ದಾದ್ರೂ ಒಂದು ಮನೆ ಖಾಲಿ ಮಾಡಿ, ಮನೆಗೊಂದರಂತೆ ಬಿತ್ಕೊಂಡು ಹೋಗಿ. ಕೊನೇ ಕಲ್ಲು ಬಿದ್ದ ಮೇಲೆ ಮುಂದಿನ ಮನೇಲಿ ಕಲ್ಲಿದ್ರೆ ಅದನ್ನೆತ್ಕೊಂಡು ಮತ್ತೆ ಬಿತ್ತಿ. ಆ ಮನೆ ಖಾಲಿ ಇದ್ರೆ ಅದರಾಚೆ ಮನೇಲಿರೋದೆಲ್ಲ ನಿಮಗೆ. ಬಲಗೈಲೇ ಆಡ್ಬೇಕು."

ಅವನು ಎತ್ತಿದ. ಮೊದಲ ಮನೆಯ ಮೇಲೆ ಕೈ ಹಿಡಿದ. ಬೆರಳು ಅಲುಗಲಿಲ್ಲ. ಹಣೆ ಬೆವರಿತು. ಆಮೇಲೆ ಐದೂ ಕಲ್ಲು ಒಟ್ಟಿಗೆ ದಡದಡ ಉದುರಿದವು.

"ಒಂದೇ ಮನೆಗೆ ಐದು ಜನ ಒಕ್ಕಲು! ಸರದಿ ನಂದು," ಎಂದು ಲುವಾ ತನ್ನ ಆಟ ಆಡಿ, ಎರಡು ಮನೆ ದೋಚಿಕೊಂಡಳು. ಕನಿಕರ ತೋರಿಸಲಿಲ್ಲ. ತೋರಿಸಿದ್ದರೆ ಕಲ್ಲುಗಳೂ ಕೊಳಕ್ಕೆ ಹೋಗುತ್ತಿದ್ದವು ಎಂದು ಅವಳಿಗೆ ಗೊತ್ತಿತ್ತು.

ದಿನಾ ಸಂಜೆ ಲುವಾ ಹಂದಿಗೆ ಮುಸುರೆ ಹಾಕಿ ಬಂದ ಮೇಲೆ ಆಟ. ದಿನಾ ಅವನಿಗೇ ಸೋಲು. ಅವನ ಮನೆಗಳೆಲ್ಲ ಬರಿದಾದಾಗ ಐದು ಕಲ್ಲು ಕಡ ಕೊಟ್ಟು, "ಕೈ ಹಿಡಿದವನಿಗೆ ಕಲ್ಲೂ ಕೊಡ್ಬೇಕಾಯ್ತು," ಎಂದು ಹಂಗಿಸುತ್ತಿದ್ದಳು. ಬರುಬರುತ್ತಾ ಮೂರು ಒಟ್ಟಿಗೆ ಬೀಳುವಲ್ಲಿ ಎರಡು ಬಿದ್ದವು. ಹೆಬ್ಬೆರಳಿನಿಂದ ಒಂದೊಂದನ್ನೇ ನೂಕುವುದು ಅವನಿಗೆ ತಾನಾಗಿ ಹೊಳೆಯಿತು. ನಿಶ್ಚಿತಾರ್ಥದ ಹಿಂದಿನ ಸಂಜೆ ಮನೆಗೊಂದರಂತೆ ಟಕ್, ಟಕ್ ಎಂದು ಬಿತ್ತುತ್ತಾ ಪೂರ್ತಿ ಒಂದು ಸುತ್ತು ಹೋಗಿ, ತುದಿಯ ಅಮಲ್ದಾರನನ್ನೇ ಹೊಡೆದ. ಲುವಾ ಸೋತಳು. ಬೇಕೆಂದು ಸೋತದ್ದಲ್ಲ.

ಮರುದಿನ ಹುಡುಗನ ಕಡೆಯವರು ಕೆಂಪು ಬಟ್ಟೆ ಹೊದಿಸಿದ ತಟ್ಟೆಗಳೊಂದಿಗೆ ಬಂದರು. ದಕ್ಷಿಣದ ಕೊನೆಯವರು, ಎರಡು ರಾತ್ರಿ ರೈಲಿನಲ್ಲಿ ಬಂದಿದ್ದರು. ಮದುವೆಯಾದ ಮೇಲೆ ಮಿಯೆನ್ ಹೋಗಬೇಕಾದದ್ದೂ ಅಷ್ಟೇ ದೂರ. ಪೂರ್ವಜರ ಪೀಠಕ್ಕೆ ಊದುಬತ್ತಿ ಹಚ್ಚಿದ್ದಾಯಿತು. ಥಾಕ್ ಎಡಗೈಯಲ್ಲಿ ಗೊನೆ ಹಿಡಿದು ಬಲಗೈಯಿಂದ ಅಡಿಕೆ ಕಿತ್ತ. ತಟ್ಟೆಗೆ ಒಂದು, ಮತ್ತೊಂದು, ಇನ್ನೊಂದು. ಒಂದೂ ಜಾರಲಿಲ್ಲ. ತಿಯೆಪ್ ಬಾಯಿ ತೆರೆದು ನೋಡುತ್ತಿದ್ದ.

ಕೊನೆಯದೊಂದು ಮುಷ್ಟಿಯಲ್ಲೇ ನಿಂತಿತು.

ತಟ್ಟೆಯಲ್ಲಿ ಬೆಸಸಂಖ್ಯೆಯ ಅಡಿಕೆ. ಜೋಡಿಯಾಗದ ತಟ್ಟೆ ಹೊರಡುವಂತಿಲ್ಲ. ಹುಡುಗನ ದೊಡ್ಡಪ್ಪ ಕೆಮ್ಮಿದ. ಲುವಾ ಗಂಡನ ಕಿವಿಯ ಬಳಿ ಬಾಗಿದಳು.

"ಬಿತ್ತಿ, ಮಿಯೆನ್ ಅಪ್ಪಾ. ಕೊನೇ ಕಲ್ಲು."

ಅವನು ಅವಳತ್ತ ನೋಡಲಿಲ್ಲ. ಮಿಯೆನ್ ಬಂದು ಅವನೆದುರು ಮೊಣಕಾಲೂರಿ ಕುಳಿತಳು.

"ಕೊಡಿ ಅಪ್ಪಾ."

"ಕೈ ಕೇಳ್ತಿಲ್ಲ, ಮಗಳೇ."

ಅವಳು ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಿದಳು, ಅಡಿಕೆ ತೆಗೆದು ತಾನೇ ತಟ್ಟೆಗಿಟ್ಟಳು. ಬಂದವರು ಕಣ್ಣೊರೆಸಿಕೊಂಡು ಹೊರಟರು. ಪಾಪ, ಕಾಯಿಲೆಯ ಮನುಷ್ಯ ಎಂದರು.

ಸಂಜೆ ಥಾಕ್ ತಾನೇ ಅಂಗಳದ ಗೆರೆಯ ಮುಂದೆ ಹೋಗಿ ಕುಳಿತ. ಒಂದು ಮನೆ ಎತ್ತಿ ಬಿತ್ತಿದ. ಟಕ್. ಟಕ್. ಟಕ್. ಕೊನೆಯ ಕಲ್ಲೂ ತನ್ನ ಮನೆಯಲ್ಲೇ ಬಿತ್ತು. ಲುವಾ ಕಲ್ಲು ನೋಡಲಿಲ್ಲ, ಬಿಚ್ಚಿದ ಅಂಗೈ ನೋಡಿದಳು.

"ಏನ್ ನೋಡ್ತೀಯಾ? ನಿನ್ನ ಸರದಿ," ಎಂದ ಅವನು.

ಅವಳು ಆಡಿದಳು. ಬೆಳಿಗ್ಗೆ ಕೈ ಅವನ ಮಾತು ಕೇಳಲಿಲ್ಲವೋ, ಅವನೇ ಕೈಗೆ ಬಿಡೆಂದು ಹೇಳಲಿಲ್ಲವೋ, ಅವಳು ಕೇಳಲಿಲ್ಲ. ಹಾಗಾಗಿ ಯಾರಿಗೂ ಗೊತ್ತಿಲ್ಲ.