ಸ್ಪ್ರಿಂಗಿನ ತಾಯಿ

“ಸ್ಪ್ರಿಂಗ್ ಅಂದ್ರ ಗಡಿಯಾರದಾಗಿನ ಸುರುಳಿ ತಂತಿ. ಮೊದಲ ಅದು ಹುಟ್ಟಿತು. ಆಮ್ಯಾಲ ಚೈತ್ರದ ಚಿಗುರು, ಆಮ್ಯಾಲ ನೀರಿನ ಚಿಲುಮಿ!” ಶೇಖವ್ವ ಗಂಡನ ಮಂಚದ ಪಕ್ಕ ಕುಳಿತು ಪಾಠ ಒಪ್ಪಿಸುವ ಹುಡುಗಿಯಂತೆ ಜೋರಾಗಿ ಹೇಳಿದಳು. ಮಂಚದ ಮೇಲಿದ್ದ ಸಿದ್ದಲಿಂಗ ಮಾಸ್ತರರ ಹುಬ್ಬು ಗಂಟಿಕ್ಕಿತು. ಬಾಯಿ ಒಂದು ಕಡೆಗೆ ಎಳೆದುಕೊಂಡು “ಆಂ... ಆಂ...” ಎಂದರು. ಅದರಾಚೆ ಏನೂ ಹೊರಡಲಿಲ್ಲ.

ಬಿಪಿ ನೋಡಲು ಬಂದಿದ್ದ ನರ್ಸ್ ಅಂಜುಮಳಿಗೆ ಕಸಿವಿಸಿಯಾಯಿತು. ಗಜೇಂದ್ರಗಡದ ಹೈಸ್ಕೂಲಿನಲ್ಲಿ ಅವಳು ಇದೇ ಮಾಸ್ತರರ ಕೈಯಲ್ಲಿ ಇಂಗ್ಲಿಷ್ ಕಲಿತವಳು. ಅವರ ಲೆಕ್ಕದಲ್ಲಿ ಪ್ರತಿ ಶಬ್ದಕ್ಕೂ ಒಂದು ಸಂಸಾರವಿತ್ತು. ನಾಲ್ಕಾರು ಅರ್ಥಗಳನ್ನು ಬೋರ್ಡಿನ ಮೇಲೆ ಬರೆದು, “ಇವರೊಳಗ ತಾಯಿ ಯಾರು?” ಎಂದು ಕೇಳುವರು, ಅಂದರೆ ಮೊದಲು ಹುಟ್ಟಿದ ಅರ್ಥ ಯಾವುದು ಎಂದು. ಉತ್ತರ ತಪ್ಪಿದವರ ಕಡೆ ಬೆರಳು ತೋರಿಸಿ, ಅದೇ ಬೆರಳನ್ನು ತಮ್ಮ ಕಿವಿಗೆ ಮುಟ್ಟಿಸಿದರೆಂದರೆ ಮುಗಿಯಿತು. ಎದ್ದು ನಿಂತು ಕಿವಿ ಹಿಡಿದುಕೊಳ್ಳಬೇಕು, ಸರಿಯುತ್ತರ ಬರುವ ತನಕ ಕೂಡುವಂತಿಲ್ಲ.

ಸ್ಪ್ರಿಂಗ್ ಎಂಬ ಶಬ್ದಕ್ಕೆ ಅಂಜುಮಳೂ ಕಿವಿ ಹಿಡಿದು ನಿಂತವಳೇ. ಆವತ್ತು ಇಡೀ ಕ್ಲಾಸಿಗೆ ಉತ್ತರ ಬರಲಿಲ್ಲ. ಮಾಸ್ತರರು ಎಲ್ಲರನ್ನೂ ಕಾಲಕಾಲೇಶ್ವರನ ಗುಡ್ಡಕ್ಕೆ ನಡೆಸಿಕೊಂಡು ಹೋಗಿ, ಬಂಡೆಯಿಂದ ಬರುವ ನೀರಿಗೆ ಬೊಗಸೆ ಒಡ್ಡಿಸಿದ್ದರು. “ಒಳಗಿಂದ ಪುಟಿದು ಹೊರಗ ಬರ್ತೈತಲ್ಲ, ಈ ನೀರ ತಾಯಿ. ಚಿಗುರು ಪುಟಿಯೋ ಕಾಲಕ್ಕ ಆಮ್ಯಾಲ ಇದ ಹೆಸರು ಬಂತು. ಒತ್ತಿದ್ರ ಪುಟಿಯೋ ತಂತಿಗೂ ಇದ ಹೆಸರು. ಅವೆಲ್ಲಾ ಮಕ್ಕಳು,” ಎಂದಿದ್ದರು.

ಅಂಥ ಬಾಯಿಗೆ ಲಕ್ವಾ ಬೀಗ ಹಾಕಿತ್ತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ದಿನಾ ಮಾತಾಡಿಸಬೇಕು, ಅವರು ಪ್ರಯತ್ನ ಬಿಟ್ಟರೆ ಮುಂದೆ ಕಷ್ಟ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಆದರೆ ನೋಡಲು ಬಂದವರೆಲ್ಲ “ನೀರು ಅನ್ರಿ, ಶಿವಾ ಅನ್ರಿ” ಎಂದು ಕೂಸಿಗೆ ಹೇಳಿಕೊಟ್ಟ ಹಾಗೆ ಹೇಳಿ, ಲೊಚಗುಟ್ಟಿ, ಚಹಾ ಕುಡಿದು ಹೋದರು. ಊರಿಗೇ ಇಂಗ್ಲಿಷ್ ಕಲಿಸಿದ ಮನುಷ್ಯನಿಗೆ ಅದನ್ನು ಸಹಿಸಲಾಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಪ್ರಯತ್ನವನ್ನೇ ಬಿಟ್ಟುಬಿಟ್ಟರು. ಶೇಖವ್ವ ಮಾತ್ರ ಬಿಡುವ ಪೈಕಿ ಅಲ್ಲ.

“ಅವ್ವಾರ, ನೀವು ಹೇಳಿದ್ದು ಉಲ್ಟಾ ಆತ್ರಿ,” ಎಂದಳು ಅಂಜುಮ ಮೆಲ್ಲಗೆ. “ಮೊದಲ ನೀರು...”

ಶೇಖವ್ವ ಅವಳ ಕೈ ಹಿಡಿದು ಪಡಸಾಲೆಗೆ ಎಳೆದುಕೊಂಡು ಬಂದಳು. “ನನಗ ಗೊತ್ತಿಲ್ಲೇನು? ಅವ್ರು ಇಲ್ಲೆ ಕುಂತು ಟ್ಯೂಷನ್ ಹೇಳುವಾಗ ನಾ ಒಳಗ ರೊಟ್ಟಿ ಬಡೀತಿದ್ದೆ. ಕಿವಿ ಮುಚ್ಕೊಂಡಿದ್ನೇನು?”

“ಮತ್ಯಾಕ ತಪ್ಪ ಹೇಳ್ತೀರಿ? ಅವರಿಗೆ ಸಿಟ್ಟು ಬರಾಕತ್ತೈತಿ.”

“ಬರ್ಲಿ ಅಂತನ ಹೇಳೂದು. ಅವ್ರು ಹಸಿವಿ ತಡಕೋತಾರ, ತಪ್ಪ ಉತ್ತರ ತಡಕೊಳ್ಳಂಗಿಲ್ಲ. ಬಿಪಿ ನೀ ನೋಡ್ಕೊ, ಮಾತು ನಾ ನೋಡ್ಕೋತೀನಿ.”

ಅಂಜುಮ ಒಳಗೆ ಹೋಗಿ ಬಿಪಿ ನೋಡಿದಳು. ಹೆದರುವಂಥದ್ದೇನೂ ಇರಲಿಲ್ಲ. ಅವಳು ತಲೆಯಾಡಿಸಿದ್ದೇ ತಡ, ಶೇಖವ್ವ ಮತ್ತೆ ಮಂಚದ ಪಕ್ಕ ಕುಳಿತಳು.

“ಹೂಂ, ಎಲ್ಲಿಗೆ ಬಂದಿದ್ವಿ? ತಾಯಿ ಯಾರು? ಗಡಿಯಾರದ ತಂತಿ! ನೀರಿಗೆ ಆ ಹೆಸರು ಯಾರೋ ಹಿಂದಾಗಡೆ ಹಚ್ಯಾರ. ನೀವು ಸುಮ್ಮನ ಹುಡುಗೂರ್ನ ಬಿಸಿಲಾಗ ಗುಡ್ಡಕ್ಕ ನಡಿಸಿದ್ರಿ.”

ಮಾಸ್ತರರ ಕೊರಳ ನರ ಉಬ್ಬಿತು. ಎಡಗೈ ಮಂಚದ ಅಂಚನ್ನು ಬಿಗಿಯಾಗಿ ಹಿಡಿಯಿತು. ಗಂಡನ ಪಾಠವನ್ನು ಹಳಿಯುವ ಮಾತು ಇಷ್ಟು ವರ್ಷದ ಸಂಸಾರದಲ್ಲಿ ಶೇಖವ್ವನ ಬಾಯಿಂದ ಒಮ್ಮೆಯೂ ಬಂದದ್ದಲ್ಲ. ಆದರೂ ಅವರ ಮುಖದ ಮೇಲಿಂದ ಕಣ್ಣು ಕೀಳದೆ, ಒಂದೊಂದೇ ಶಬ್ದವನ್ನು ಒತ್ತಿ ಇನ್ನೊಮ್ಮೆ ಹೇಳಿದಳು. “ನೀರಲ್ಲ. ತಂತಿನ ತಾಯಿ.”

“ತ... ತಪ್...” ಮಾಸ್ತರರು ತಲೆದಿಂಬಿನಿಂದ ತಲೆ ಎತ್ತಿದರು. ಮುಖವೆಲ್ಲ ಕೆಂಪಾಯಿತು. “ತಪ್ಪು!”

ಅಂಜುಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಶೇಖವ್ವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳಿಗೆ ಒರೆಸಿಕೊಳ್ಳುವ ಪರಿವೆಯೂ ಇರಲಿಲ್ಲ. ಮಾಸ್ತರರ ಎಡಗೈ ಮಂಚದ ಅಂಚು ಬಿಟ್ಟು ಮೇಲೆದ್ದಿತು. ಬೆರಳು ಹೆಂಡತಿಯ ಕಡೆ ತಿರುಗಿತು, ಆಮೇಲೆ ಮೆಲ್ಲಗೆ ಅವರದೇ ಕಿವಿಗೆ ಹೋಗಿ ಮುಟ್ಟಿತು.

ಶೇಖವ್ವ ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು. ಕಿವಿ ಹಿಡಿದುಕೊಂಡಳು.

“ನಿಂತೀನ್ರಿ ಮಾಸ್ತರ,” ಎಂದಳು. “ಖರೇ ಉತ್ತರ ಬರೂ ತನಕಾ ಕೂಡೂದಿಲ್ಲ. ಹೇಳ್ರಿ, ತಾಯಿ ಯಾರು?”